ಮಂಡಿಪೇಟೆ ವ್ಯಾಪಾರಕ್ಕೆ ಸಾಮಾಜಿಕ ಜಾಲತಾಣ: ತುಮಕೂರಿನ ಅಂಗಡಿಗಳಿಗೆ ಹಂತ ಹಂತದ ಸಮಗ್ರ ಮಾರ್ಗದರ್ಶಿ

ತುಮಕೂರಿನ ಮಂಡಿಪೇಟೆಯಲ್ಲಿ ಕೊಬ್ಬರಿ, ಹುಣಸೆ, ರಾಗಿ, ಬೆಲ್ಲ ಮಾರುವ ಅಂಗಡಿಗೆ ಪ್ರಚಾರದ ದಾರಿಗಳು ಗೊತ್ತಿರುವಂಥವೇ. ಆಟೋಗೆ ಮೈಕ್ ಕಟ್ಟಿಸಿ ಊರು ಸುತ್ತಿಸುವುದು, ಬೆಳಗಿನ ಪೇಪರಿನೊಳಗೆ ಕರಪತ್ರ ಸೇರಿಸುವುದು, ಸರ್ಕಲ್‌ನಲ್ಲಿ ಫ್ಲೆಕ್ಸ್, ವರ್ಷಕ್ಕೊಂದು ಕ್ಯಾಲೆಂಡರ್. ಇವುಗಳನ್ನು ಬಿಡಿ ಅಂತ ಈ ಬರಹ ಹೇಳುವುದಿಲ್ಲ. ಆದರೆ ಕರಪತ್ರ ಓದಿದವರು ಅದಕ್ಕೆ ತಿರುಗಿ ಪ್ರಶ್ನೆ ಕೇಳಲಾರರು. ವಾಟ್ಸಾಪ್, ಫೇಸ್‌ಬುಕ್, ಇನ್‌ಸ್ಟಾಗ್ರಾಂನಲ್ಲಿ ನೋಡಿದವರು ಆ ಕ್ಷಣವೇ ಕೇಳುತ್ತಾರೆ: ರೇಟ್ ಎಷ್ಟು, ಹೊಸ ಮಾಲಾ, ಮನೆಗೆ ಕಳಿಸ್ತೀರಾ, ಭಾನುವಾರ ತೆಗೆದಿರ್ತೀರಾ. ಅಂಗಡಿಗಳ ಪೇಜುಗಳು ಸೋಲುವುದು ಇಲ್ಲಿಯೇ. ಫ್ಲೆಕ್ಸ್‌ಗೆ ಮಾಡಿಸಿದ ಡಿಸೈನನ್ನೇ ಹಾಕಿ ಸುಮ್ಮನಾಗುತ್ತಾರೆ, ಕೇಳಿದವರಿಗೆ ಉತ್ತರ ಹೋಗುವುದಿಲ್ಲ. ಬೆಳಗ್ಗೆ ಕೇಳಿದ ರೇಟಿಗೆ ರಾತ್ರಿ ಉತ್ತರ ಬಂದರೆ ಅಷ್ಟರಲ್ಲಿ ಅವರ ಮನೆಗೆ ಸಾಮಾನು ಬೇರೆ ಅಂಗಡಿಯಿಂದ ಬಂದಿರುತ್ತದೆ.

ಆದ್ದರಿಂದ ಖಾತೆ ತೆರೆಯುವ ಮೊದಲೇ ಒಂದು ತೀರ್ಮಾನ ಆಗಬೇಕು: ಅಂಗಡಿ ತೆರೆದಿರುವಷ್ಟು ಹೊತ್ತೂ ಮೆಸೇಜಿಗೆ ಉತ್ತರ ಕೊಡುವವರು ಯಾರು? ಗಲ್ಲಾದಲ್ಲಿ ಕೂತವರೇ ಅದನ್ನೂ ಮಾಡುತ್ತೇವೆ ಅಂದರೆ ಸಂಜೆಯ ನೂಕುನುಗ್ಗಲಿನಲ್ಲಿ ಆಗದ ಮಾತು. ಮನೆಯಲ್ಲಿರುವ ಒಬ್ಬರಿಗೋ, ರೇಟು ಚೆನ್ನಾಗಿ ಗೊತ್ತಿರುವ ಒಬ್ಬ ಗುಮಾಸ್ತರಿಗೋ ಇದನ್ನು ಕೆಲಸವಾಗಿಯೇ ವಹಿಸಿ. ಅಂಥವರು ಸಿಗದಿದ್ದರೆ ಸದ್ಯಕ್ಕೆ ವಾಟ್ಸಾಪ್ ಒಂದೇ ಸಾಕು, ಉಳಿದ ಎರಡನ್ನು ಮುಂದಕ್ಕೆ ಹಾಕಿ.

ಹಂತ 1: ಈಗಾಗಲೇ ಇರುವ ಗಿರಾಕಿಗಳ ನಂಬರ್

ಹೊಸ ಗಿರಾಕಿಯನ್ನು ಹುಡುಕಲು ದುಡ್ಡು ಹಾಕುವ ಮುಂಚೆ ಹಳಬರನ್ನು ಒಂದು ಕಡೆ ಸೇರಿಸಿ. ಬಾಕಿ ಪುಸ್ತಕದಲ್ಲಿ, ತಿಂಗಳ ಸಾಮಾನಿನ ಚೀಟಿಗಳಲ್ಲಿ, ಬಿಲ್ ಪ್ರತಿಗಳಲ್ಲಿ ಎಷ್ಟೋ ನಂಬರುಗಳಿರುತ್ತವೆ. ಒಂದು ನೋಟ್‌ಬುಕ್‌ನಲ್ಲಿ ನಾಲ್ಕು ಕಾಲಂ ಹಾಕಿ: ಹೆಸರು, ನಂಬರ್, ಬಡಾವಣೆ ಅಥವಾ ಊರು, ಸಾಮಾನ್ಯವಾಗಿ ಏನು ಕೊಳ್ಳುತ್ತಾರೆ. ನಾಲ್ಕನೆಯ ಕಾಲಂ ಬಿಡಬೇಡಿ. ಹೋಟೆಲಿನವರಿಗೆ ಬೇಕಾದದ್ದು ಹುಣಸೆ ರೇಟು, ಮನೆಯವರಿಗೆ ಹಬ್ಬದ ಸಾಮಾನು, ಹಳ್ಳಿಯ ಚಿಲ್ಲರೆ ಅಂಗಡಿಯವರಿಗೆ ಮೂಟೆ ರೇಟು. ಮೂವರಿಗೂ ಒಂದೇ ಮೆಸೇಜು ಹೋದರೆ ಮೂವರೂ ಮ್ಯೂಟ್ ಮಾಡುತ್ತಾರೆ.

ನಂಬರ್ ಬರೆದುಕೊಳ್ಳುವಾಗಲೇ ಒಂದು ಮಾತು ಕೇಳಿ: "ಅಮ್ಮ, ಹೊಸ ಮಾಲು ಬಂದಾಗ ವಾಟ್ಸಾಪ್‌ನಲ್ಲಿ ತಿಳಿಸಲಾ?" ಹೂಂ ಅಂದವರನ್ನು ಮಾತ್ರ ಸೇರಿಸಿ. ಯಾರೋ ಮಾರುವ "ಹತ್ತು ಸಾವಿರ ತುಮಕೂರು ನಂಬರ್" ಪಟ್ಟಿಯನ್ನು ಖಂಡಿತ ಕೊಳ್ಳಬೇಡಿ. ಪರಿಚಯವಿಲ್ಲದ ಮೆಸೇಜು ಬಂದವರು ಬ್ಲಾಕ್ ಮಾಡಿ ರಿಪೋರ್ಟ್ ಒತ್ತುತ್ತಾರೆ. ರಿಪೋರ್ಟುಗಳು ಹೆಚ್ಚಾದಾಗ ವಾಟ್ಸಾಪ್ ನಿಮ್ಮ ನಂಬರನ್ನೇ ನಿಲ್ಲಿಸುತ್ತದೆ. ಬೋರ್ಡಿನ ಮೇಲೆ, ಬಿಲ್ಲಿನ ಮೇಲೆ ಹಾಕಿದ ನಂಬರ್ ಅದೇ ಆಗಿದ್ದರೆ ನಷ್ಟ ಎಷ್ಟು ಅನ್ನುವುದನ್ನು ಹೇಳಬೇಕಿಲ್ಲ.

ಹಂತ 2: ವಾಟ್ಸಾಪ್ ಬಿಸಿನೆಸ್

ಸಾಮಾನ್ಯ ವಾಟ್ಸಾಪ್ ಬೇರೆ, ವಾಟ್ಸಾಪ್ ಬಿಸಿನೆಸ್ ಬೇರೆ ಆ್ಯಪ್. ಇದೂ ಉಚಿತ. ಒಂದೇ ನಂಬರಿನಲ್ಲಿ ಎರಡೂ ನಡೆಯುವುದಿಲ್ಲ, ಹಾಗಾಗಿ ಅಂಗಡಿಗೆ ಪ್ರತ್ಯೇಕ ಸಿಮ್ ಇರಲಿ. ಅಂಗಡಿಯ ಲ್ಯಾಂಡ್‌ಲೈನ್ ನಂಬರನ್ನೂ ಬಳಸಬಹುದು. ಆಗ ಖಾತರಿಯ ಸಂಖ್ಯೆ (ಒಟಿಪಿ) ಎಸ್ಸೆಮ್ಮೆಸ್ ಬದಲು ಕರೆಯಲ್ಲಿ ಬರುತ್ತದೆ. ಹಳೆಯ ನಂಬರನ್ನೇ ಬಿಸಿನೆಸ್‌ಗೆ ಬದಲಿಸುವುದಾದರೆ ಮೊದಲು ಚಾಟ್ ಬ್ಯಾಕಪ್ ತೆಗೆದುಕೊಳ್ಳಿ.

ಪ್ರೊಫೈಲ್‌ನಲ್ಲಿ ಅಂಗಡಿ ಹೆಸರು ಬೋರ್ಡಿನಲ್ಲಿರುವಂತೆಯೇ ಇರಲಿ. ವಿಳಾಸಕ್ಕೆ ರಸ್ತೆಯ ಹೆಸರಿನ ಜೊತೆ ಹತ್ತಿರದ ಗುರುತು ಬರೆಯಿರಿ, ತೆರೆಯುವ ಮುಚ್ಚುವ ಸಮಯ ಹಾಕಿ. ವಾರದ ರಜೆ ಬರೆಯದೆ ಇದ್ದರೆ ಗುಬ್ಬಿಯಿಂದ ಬಸ್ಸು ಹತ್ತಿ ಬಂದವರು ಮುಚ್ಚಿದ ಷಟರ್ ನೋಡಿ ವಾಪಸ್ ಹೋಗುತ್ತಾರೆ.

ಆಮೇಲೆ ಕ್ಯಾಟಲಾಗ್, ಅಂದರೆ ಪದಾರ್ಥಗಳ ಫೋಟೋ, ದರ ತೋರಿಸುವ ಪಟ್ಟಿ. 500 ಪದಾರ್ಥಗಳವರೆಗೆ ಹಾಕಬಹುದು, ಆದರೆ ಮೊದಲಿಗೆ 15 ಅಥವಾ 20 ಸಾಕು. ನಿಮ್ಮಲ್ಲಿ ಮಾತ್ರ ಚೆನ್ನಾಗಿ ಸಿಗುತ್ತದೆ ಅಂತ ಜನ ಹೇಳುವುದನ್ನು ಮೊದಲು ಹಾಕಿ: ತಿಪಟೂರಿನ ಉಂಡೆ ಕೊಬ್ಬರಿ, ಬೀಜ ತೆಗೆದ ಹುಣಸೆ, ಹೊಸ ರಾಗಿ. ಎಲ್ಲರಲ್ಲೂ ಸಿಗುವ ಸೋಪು, ಬಿಸ್ಕತ್ತು ಬೇಡ. ಪ್ರತಿಯೊಂದಕ್ಕೂ ತೂಕ ಬರೆಯಿರಿ. "ಕೊಬ್ಬರಿ" ಅಂತಷ್ಟೇ ಬರೆದರೆ ಕೇಳುವ ಪ್ರಶ್ನೆಗಳು ಮುಗಿಯುವುದಿಲ್ಲ. "ಉಂಡೆ ಕೊಬ್ಬರಿ, ದಪ್ಪ, 1 ಕೆ.ಜಿ." ಅಂದರೆ ಅರ್ಧ ಪ್ರಶ್ನೆ ಅಲ್ಲೇ ತೀರಿತು. ಕೊಬ್ಬರಿ, ಹುಣಸೆಯ ದರ ಮಾರುಕಟ್ಟೆಯ ಹರಾಜಿನ ಜೊತೆ ಏರಿಳಿಯುವುದರಿಂದ ದರದ ಪಕ್ಕದಲ್ಲಿ ದಿನಾಂಕವೂ ಬೇಕು: "ಈ ದರ ಜನವರಿ 5ರವರೆಗೆ." ಹಳೇ ದರ ಕ್ಯಾಟಲಾಗಿನಲ್ಲಿ ಉಳಿದು, ಗಲ್ಲಾದಲ್ಲಿ ಬೇರೆ ದರ ಕೇಳಿದರೆ ಗಿರಾಕಿಗೆ ಮೋಸ ಅನ್ನಿಸುತ್ತದೆ. ಆ ಜಗಳವನ್ನು ನೀವು ಗೆದ್ದರೂ ಗಿರಾಕಿ ಉಳಿಯುವುದಿಲ್ಲ.

ಕ್ವಿಕ್ ರಿಪ್ಲೈ ಅನ್ನುವುದು ಪದೇ ಪದೇ ಬರೆಯಬೇಕಾದ ಉತ್ತರಗಳನ್ನು ಮೊದಲೇ ಬರೆದಿಟ್ಟುಕೊಳ್ಳುವ ಅನುಕೂಲ. 50ರವರೆಗೆ ಇಡಬಹುದು. ನಾಲ್ಕು ಮೊದಲ ದಿನವೇ ಇರಲಿ: ದಾರಿ, ಸಮಯ, ಮನೆಗೆ ತಲುಪಿಸುವ ನಿಯಮ, ದುಡ್ಡು ಕೊಡುವ ಬಗೆ. ದಾರಿಯ ಉತ್ತರದ ಜೊತೆ ಮ್ಯಾಪ್ ಲೊಕೇಶನ್ ಹೋಗಲಿ. ಚಾಟ್‌ಗಳಿಗೆ ಗುರುತು ಹಾಕುವ ಲೇಬಲ್‌ಗಳನ್ನು ಮೂರಕ್ಕೆ ನಿಲ್ಲಿಸಿ: ಹೊಸ ಆರ್ಡರ್, ದುಡ್ಡು ಬಾಕಿ, ತಲುಪಿತು. ಮುಖ್ಯ ಫೋನಿನ ಜೊತೆ ಇನ್ನೂ ನಾಲ್ಕು ಸಾಧನಗಳಲ್ಲಿ ಅದೇ ಖಾತೆ ತೆರೆಯಬಹುದು, ಹಾಗಾಗಿ ಗಲ್ಲಾ ಮತ್ತು ಮನೆ ಎರಡೂ ಕಡೆಯಿಂದ ಉತ್ತರ ಕೊಡಬಹುದು.

ಗ್ರೂಪ್ ಬೇಡ, ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿ

ವ್ಯಾಪಾರಿಗಳು ಮಾಡುವ ದೊಡ್ಡ ತಪ್ಪು ಗಿರಾಕಿಗಳನ್ನೆಲ್ಲ ಒಂದು ಗ್ರೂಪಿಗೆ ಸೇರಿಸುವುದು. ಗ್ರೂಪಿನಲ್ಲಿ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತದೆ. ಹೆಣ್ಣುಮಕ್ಕಳ ನಂಬರ್ ಅಪರಿಚಿತರ ಕೈಗೆ ಹೋಗುತ್ತದೆ. ಎದುರು ಅಂಗಡಿಯವರು ಒಬ್ಬರನ್ನು ಒಳಗೆ ಸೇರಿಸಿದರೆ ನಿಮ್ಮ ಗಿರಾಕಿ ಪಟ್ಟಿಯೇ ಅವರದಾಯಿತು. ಒಬ್ಬರು ಶುಭೋದಯದ ಚಿತ್ರ ಹಾಕಿದರೆ ಉಳಿದವರು ಗ್ರೂಪು ಬಿಡುತ್ತಾರೆ.

ಬ್ರಾಡ್‌ಕಾಸ್ಟ್ ಲಿಸ್ಟ್‌ನಲ್ಲಿ ಮೆಸೇಜು ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಹೋಗುತ್ತದೆ, ಉತ್ತರ ನಿಮಗೆ ಮಾತ್ರ ಬರುತ್ತದೆ. ಒಂದು ಪಟ್ಟಿಗೆ 256 ಜನ. ಒಂದು ಷರತ್ತಿದೆ: ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ಮುಟ್ಟುತ್ತದೆ. "200 ಜನಕ್ಕೆ ಕಳಿಸಿದೆ, ಒಬ್ಬರೂ ನೋಡಿಲ್ಲ" ಅನ್ನುವುದಕ್ಕೆ ಬಹಳ ಸಲ ಇದೇ ಕಾರಣ. ಆದ್ದರಿಂದ ಗಲ್ಲಾದ ಮೇಲೆ ಕ್ಯೂಆರ್ ಕೋಡ್ ಅಂಟಿಸಿ, ಗಿರಾಕಿ ಸ್ಕ್ಯಾನ್ ಮಾಡಿ ಒಂದು "ನಮಸ್ಕಾರ" ಕಳಿಸಲಿ, ಅಲ್ಲೇ ನಿಂತು ನಂಬರ್ ಸೇವ್ ಮಾಡಿಸಿ. ಸೇವ್ ಮಾಡಿಕೊಳ್ಳಲು ಅವರಿಗೊಂದು ಕಾರಣ ಕೊಡಿ: "ಸೋಮವಾರ ಸೋಮವಾರ ಕೊಬ್ಬರಿ, ಹುಣಸೆ ರೇಟು ಕಳಿಸ್ತೀವಿ."

ವಾರಕ್ಕೆ ಒಂದು, ಹಬ್ಬದ ವಾರದಲ್ಲಿ ಎರಡು ಮೆಸೇಜು, ಅದಕ್ಕಿಂತ ಹೆಚ್ಚು ಬೇಡ. ದಿನದ ಸುದ್ದಿಗೆ ಸ್ಟೇಟಸ್ ಇದೆ. 24 ಗಂಟೆ ಇರುತ್ತದೆ, ಬೇಕಾದವರು ನೋಡುತ್ತಾರೆ. ಇದನ್ನು ನಮ್ಮ ವ್ಯಾಪಾರಿಗಳು ಇನ್ನೂ ಸರಿಯಾಗಿ ಬಳಸುತ್ತಿಲ್ಲ. ಹೊಸ ಹುಣಸೆಯ ಮೂಟೆ ಬಿಚ್ಚುವ ಹತ್ತು ಸೆಕೆಂಡಿನ ವಿಡಿಯೋ ಸ್ಟೇಟಸ್‌ಗೆ ಹಾಕಿದರೆ, ಅದಕ್ಕೆ ಬರುವ "ಎಷ್ಟು?" ಅನ್ನುವ ಉತ್ತರಗಳು ಪುಗಸಟ್ಟೆ ಬಂದ ಗಿರಾಕಿಗಳು.

ಹಂತ 3: ಫೇಸ್‌ಬುಕ್ ಪೇಜ್, ಇನ್‌ಸ್ಟಾಗ್ರಾಂ

ವೈಯಕ್ತಿಕ ಖಾತೆಯಲ್ಲಿ ವ್ಯಾಪಾರ ನಡೆಸಬೇಡಿ. ಫೇಸ್‌ಬುಕ್‌ನ ಸಾಮಾನ್ಯ ವೈಯಕ್ತಿಕ ಖಾತೆಯಲ್ಲಿ 5,000 ಸ್ನೇಹಿತರಿಗೆ ಮಿತಿ, ಜಾಹೀರಾತೂ ಕೊಡಲಾಗದು. ಪೇಜ್ ತೆರೆಯಿರಿ, ಇನ್‌ಸ್ಟಾಗ್ರಾಂ ಖಾತೆಯನ್ನು ಬಿಸಿನೆಸ್ ಖಾತೆಗೆ ಬದಲಿಸಿ, ಎರಡಕ್ಕೂ ಅಂಗಡಿಯ ವಾಟ್ಸಾಪ್ ನಂಬರ್ ಜೋಡಿಸಿ.

ಪೇಜ್ ಯಾರ ಹೆಸರಿನಲ್ಲಿದೆ ಅನ್ನುವುದರ ಮೇಲೆ ಕಣ್ಣಿರಲಿ. ಫ್ಲೆಕ್ಸ್ ಅಂಗಡಿಯ ಹುಡುಗನೋ ಕಾಲೇಜು ಓದುವ ಪರಿಚಯದವರೋ ತಮ್ಮ ಖಾತೆಯಿಂದ ಪೇಜ್ ಮಾಡಿಕೊಡುತ್ತಾರೆ, ಎರಡು ವರ್ಷದ ಮೇಲೆ ಅವರು ಬೇರೆ ಊರಿಗೆ ಹೋಗುತ್ತಾರೆ, ಪೇಜಿನ ಬೀಗದ ಕೈ ಅವರ ಜೊತೆಗೇ ಹೋಗುತ್ತದೆ. ಮೊದಲ ದಿನವೇ ಮಾಲೀಕರ ಖಾತೆಗೆ ಪೂರ್ತಿ ಅಧಿಕಾರ ಇರಲಿ, ಮನೆಯ ಇನ್ನೊಬ್ಬರಿಗೂ ಇರಲಿ, ಕೆಲಸ ಮಾಡುವವರಿಗೆ ಪೋಸ್ಟ್ ಹಾಕುವಷ್ಟು ಅಧಿಕಾರ ಮಾತ್ರ ಸಾಕು.

ಗೂಗಲ್ ಮ್ಯಾಪ್‌ನಲ್ಲಿ ಅಂಗಡಿಯನ್ನು ನೋಂದಾಯಿಸುವುದನ್ನೂ ಇದೇ ವಾರ ಮುಗಿಸಿ. ಅದು ಸಾಮಾಜಿಕ ಜಾಲತಾಣ ಅಲ್ಲದಿದ್ದರೂ, ಫೇಸ್‌ಬುಕ್‌ನಲ್ಲಿ ನೋಡಿದವರು ದಾರಿ ಹುಡುಕುವುದು ಅಲ್ಲಿಯೇ.

ಹಂತ 4: ಫೋಟೋ, ವಿಡಿಯೋ, ಕನ್ನಡ ಅಕ್ಷರ

ಫ್ಲೆಕ್ಸ್‌ನ ಡಿಸೈನನ್ನು ಹಾಗೇ ಫೋನಿಗೆ ಹಾಕಿದರೆ ಓದಲಾಗುವುದಿಲ್ಲ. ಹತ್ತು ಅಡಿ ಅಗಲದ ಬಟ್ಟೆಯ ಮೇಲೆ ಇಪ್ಪತ್ತು ಪದಾರ್ಥ, ಮೂರು ನಂಬರ್, ದೇವರ ಚಿತ್ರ ಎಲ್ಲ ಹಿಡಿಸುತ್ತವೆ. ಅಂಗೈಯಗಲದ ಪರದೆಯಲ್ಲಿ ಒಂದು ಪದಾರ್ಥ, ಒಂದು ದರ, ಒಂದು ನಂಬರ್ ಅಷ್ಟೇ ಹಿಡಿಸುವುದು. ಅಳತೆಯೂ ಗೊತ್ತಿರಲಿ: ಪೋಸ್ಟ್‌ಗೆ 1080 × 1350 ಪಿಕ್ಸೆಲ್, ರೀಲ್ಸ್ ಮತ್ತು ಸ್ಟೇಟಸ್‌ಗೆ ಫೋನ್ ಉದ್ದಕ್ಕೆ ಹಿಡಿದು 1080 × 1920.

ಕೊಬ್ಬರಿಯ ಫೋಟೋ ಅಂಗಡಿಯೊಳಗಿನ ಟ್ಯೂಬ್‌ಲೈಟ್ ಕೆಳಗೆ ತೆಗೆದರೆ ಹಸಿರು ಛಾಯೆ ಬಂದು ಬೂಷ್ಟು ಹಿಡಿದಂತೆ ಕಾಣುತ್ತದೆ. ಬೆಳಗ್ಗೆ ಷಟರ್ ಎತ್ತಿದ ಹೊತ್ತಿನಲ್ಲಿ ಬಾಗಿಲ ನೆರಳಿನಲ್ಲಿ ತೆಗೆಯಿರಿ, ನೇರ ಬಿಸಿಲು ಬೇಡ. ಒಂದು ಉಂಡೆಯನ್ನು ಒಡೆದು ಒಳಗಿನ ಬಿಳುಪು ತೋರಿಸಿ, ಪಕ್ಕದಲ್ಲಿ ಕೈ ಇರಲಿ, ಗಾತ್ರ ತಿಳಿಯುತ್ತದೆ. ಹುಣಸೆಗೆ ಫ್ಲ್ಯಾಶ್ ಹಾಕಿದರೆ ಎಣ್ಣೆ ಸವರಿದಂತೆ ಹೊಳೆದು ನಕಲಿ ಅನ್ನಿಸುತ್ತದೆ. ಹೊಸದು, ಹಳೆಯದು ಎರಡನ್ನೂ ಅಕ್ಕಪಕ್ಕ ಇಟ್ಟು ಬಣ್ಣದ ವ್ಯತ್ಯಾಸ ತೋರಿಸಿ, ಯಾವುದು ಯಾವುದಕ್ಕೆ ಒಳ್ಳೆಯದು ಅಂತ ಎರಡು ಸಾಲು ಬರೆಯಿರಿ. ತೂಕದ ಯಂತ್ರದ ಅಂಕಿ ಕಾಣುವಂತೆ ತೆಗೆದ ಫೋಟೋಗೆ ಬೇರೆ ಯಾವ ಹೊಗಳಿಕೆಯೂ ಬೇಕಿಲ್ಲ. ಇಂಟರ್ನೆಟ್ಟಿನಿಂದ ಎತ್ತಿಕೊಂಡ ಹೊಳೆಯುವ ಫೋಟೋ ಹಾಕಿ, ಬಂದವರಿಗೆ ಬೇರೆ ಮಾಲು ತೋರಿಸಿದರೆ ಆ ಗಿರಾಕಿ ಎರಡನೆಯ ಸಲ ಬರುವುದಿಲ್ಲ.

ವಿಡಿಯೋ 20 ರಿಂದ 30 ಸೆಕೆಂಡ್ ಇರಲಿ. ಮೊದಲ ಮೂರು ಸೆಕೆಂಡಿನಲ್ಲೇ ಪದಾರ್ಥ ಕಾಣಬೇಕು, ಅಂಗಡಿ ಬೋರ್ಡು ಆಮೇಲೆ. ಶಬ್ದ ಮುಚ್ಚಿಕೊಂಡು ನೋಡುವವರಿಗಾಗಿ ದರ, ತೂಕ ಅಕ್ಷರದಲ್ಲೂ ಬರಲಿ. ಜನಪ್ರಿಯ ಸಿನಿಮಾ ಹಾಡು ಹಾಕಬೇಡಿ. ಬಿಸಿನೆಸ್ ಖಾತೆಗೆ ಆ ಹಾಡುಗಳ ಅನುಮತಿ ಬಹುತೇಕ ಇರುವುದಿಲ್ಲ, ಹಕ್ಕಿನ ತಕರಾರು ಬಂದರೆ ರೀಲ್ಸ್‌ನ ಧ್ವನಿ ಹೋಗುತ್ತದೆ. ನಿಮ್ಮ ಸ್ವಂತ ದನಿಯಲ್ಲಿ ಪದಾರ್ಥದ ಬಗ್ಗೆ ಹೇಳುವುದೇ ಮೇಲು, ತುಮಕೂರಿನ ಮಾತು ತುಮಕೂರಿನವರಿಗೆ ಹಿಡಿಸುತ್ತದೆ.

ಇನ್ನು ಅಕ್ಷರದ ತೊಂದರೆ. ಪ್ರೆಸ್ಸಿನವರು ಹಳೆಯ ನುಡಿ ಅಥವಾ ಶ್ರೀಲಿಪಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ನಕಲಿಸಿ ಫೇಸ್‌ಬುಕ್‌ಗೆ ಅಂಟಿಸಿದರೆ ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ. ಅದು ಯುನಿಕೋಡ್ (ಎಲ್ಲ ಫೋನಿನಲ್ಲೂ ಓದಲಾಗುವ ಅಕ್ಷರ ಪದ್ಧತಿ) ಅಲ್ಲದ ಕಾರಣ ಹೀಗಾಗುತ್ತದೆ. ಯುನಿಕೋಡ್‌ಗೆ ಪರಿವರ್ತಿಸಿ ಕೊಡಿ ಅಂತ ಪ್ರೆಸ್ಸಿನವರನ್ನೇ ಕೇಳಿ, ಇಲ್ಲವೇ ಫೋನಿನ ಕನ್ನಡ ಕೀಬೋರ್ಡಿನಲ್ಲಿ ಮತ್ತೆ ಬರೆಯಿರಿ. ದರವನ್ನು ಚಿತ್ರದೊಳಗೆ ಮಾತ್ರ ಬರೆದರೆ ಸಾಲದು, ಪೋಸ್ಟಿನ ಬರಹದಲ್ಲೂ ಇರಬೇಕು.

ಹಂತ 5: ಉತ್ತರ ಕೊಡುವ ಕ್ರಮ

"ರೇಟ್ ಎಷ್ಟು" ಅಂತ ಕಾಮೆಂಟ್‌ನಲ್ಲಿ ಕೇಳಿದವರಿಗೆ "ಇನ್‌ಬಾಕ್ಸ್‌ಗೆ ಬನ್ನಿ" ಅನ್ನಬೇಡಿ. ಅದನ್ನು ಓದುವ ಉಳಿದವರಿಗೆ ಒಬ್ಬೊಬ್ಬರಿಗೆ ಒಂದೊಂದು ರೇಟು ಹೇಳುತ್ತಾರೇನೋ ಅನ್ನಿಸುತ್ತದೆ. ದರ ಅಲ್ಲೇ ಹೇಳಿ, ಜೊತೆಗೆ ಮುಂದಿನ ಹೆಜ್ಜೆಯನ್ನೂ ಹೇಳಿ: "ನಮಸ್ಕಾರ ಸರ್. ದಪ್ಪ ಉಂಡೆ ಕೊಬ್ಬರಿಯ ಇವತ್ತಿನ ದರ ಇಷ್ಟು. ಊರೊಳಗೆ 5 ಕೆ.ಜಿ. ಮೇಲೆ ತಗೊಂಡ್ರೆ ಮನೆಗೇ ಕಳಿಸ್ತೀವಿ. ಎಷ್ಟು ಬೇಕು ಹೇಳಿ, ತೂಗಿಸಿಡ್ತೀವಿ." ಉತ್ತರ ಪ್ರಶ್ನೆಯಲ್ಲಿ ಮುಗಿದರೆ ಮಾತು ಮುಂದುವರಿಯುತ್ತದೆ.

ಸಗಟು ದರ ಮಾತ್ರ ಬಹಿರಂಗವಾಗಿ ಹಾಕಬೇಡಿ. ಹಳ್ಳಿಯ ಅಂಗಡಿಯವರು ನಿಮ್ಮಲ್ಲಿ ಮೂಟೆ ಕೊಂಡು ಚಿಲ್ಲರೆ ಮಾರುತ್ತಾರೆ. ಅವರ ಗಿರಾಕಿಗೆ ಮೂಟೆ ರೇಟು ಗೊತ್ತಾದರೆ ಅವರ ವ್ಯಾಪಾರಕ್ಕೆ ಪೆಟ್ಟು, ಆಮೇಲೆ ನಿಮ್ಮದಕ್ಕೂ.

ದೂರು ಬಂದರೆ ಕಾಮೆಂಟ್ ಅಳಿಸಬೇಡಿ. "ಕೊಬ್ಬರಿ ಕಮಟು ಬಂದಿದೆ" ಅಂತ ಬರೆದವರ ಕಾಮೆಂಟ್ ಮಾಯವಾದರೆ ಅವರು ಅದನ್ನು ಊರಿನ ಗ್ರೂಪುಗಳಲ್ಲಿ ಹಾಕುತ್ತಾರೆ. ಅದರ ಕೆಳಗೇ ಬರೆಯಿರಿ: "ಕ್ಷಮಿಸಿ ಮೇಡಂ, ಬಿಲ್ ಫೋಟೋ ವಾಟ್ಸಾಪ್ ಮಾಡಿ, ಮಾಲು ಬದಲಿಸಿ ಕೊಡ್ತೀವಿ." ಬದಲಿಸಿ ಕೊಟ್ಟ ಮೇಲೆ "ಬದಲಿಸಿ ಕೊಟ್ಟಿದ್ದೇವೆ" ಅನ್ನುವ ಒಂದು ಸಾಲು ಅಲ್ಲಿ ಸೇರಲಿ. ನೂರು ಜನರ ಎದುರು ಸರಿಯಾಗಿ ನಡೆದುಕೊಂಡ ವ್ಯಾಪಾರಿಗೆ ಸಿಗುವ ಹೆಸರು ಯಾವ ಜಾಹೀರಾತಿಗೂ ಸಿಗುವುದಿಲ್ಲ.

ಹಂತ 6: ದುಡ್ಡು ಕೊಟ್ಟು ಜಾಹೀರಾತು

ಮೇಲಿನ ಐದೂ ಹಂತ ಎರಡು ತಿಂಗಳಾದರೂ ಸರಾಗವಾಗಿ ನಡೆದ ಮೇಲೆ ಇದಕ್ಕೆ ಕೈಹಾಕಿ. ದುಡ್ಡು ಕೊಟ್ಟು ಪೋಸ್ಟನ್ನು ಹೆಚ್ಚು ಜನಕ್ಕೆ ತೋರಿಸಲು ಅದರ ಕೆಳಗಿರುವ ಬೂಸ್ಟ್ ಬಟನ್ ಒತ್ತಿ ಬಿಡುವುದು ಸುಲಭ, ಹಾಗೆ ಮಾಡಿ ಲೈಕ್‌ಗೆ ದುಡ್ಡು ಸುರಿದವರೇ ಹೆಚ್ಚು. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಜಾಹೀರಾತು ನಡೆಸುವ ಆಡ್ಸ್ ಮ್ಯಾನೇಜರ್ ತೆರೆದು, ಉದ್ದೇಶ ಕೇಳಿದಾಗ ವಾಟ್ಸಾಪ್ ಮೆಸೇಜು ಬರುವುದನ್ನು ಆರಿಸಿ. ಲೈಕ್ ಬೇಕು ಅಂತ ಆರಿಸಿದರೆ ಲೈಕ್ ಒತ್ತುವ ಅಭ್ಯಾಸದವರಿಗೆ ತೋರಿಸುತ್ತದೆ, ಕೊಳ್ಳುವವರಿಗಲ್ಲ.

ಸ್ಥಳದ ಜಾಗದಲ್ಲಿ ಮ್ಯಾಪಿನ ಮೇಲೆ ಅಂಗಡಿ ಇರುವಲ್ಲಿ ಪಿನ್ ಇಟ್ಟು ಅಲ್ಲಿಂದ ಸುತ್ತ ಎಷ್ಟು ದೂರ ಅನ್ನುವುದನ್ನು ಹಾಕಿ. 10 ಕಿ.ಮೀ. ಅಂದರೆ ಕ್ಯಾತ್ಸಂದ್ರ ಸೇರಿ ಊರೆಲ್ಲ ಬರುತ್ತದೆ, ಗುಬ್ಬಿಯೂ ಬೇಕಾದರೆ 25. ಬೆಂಗಳೂರು ಇಲ್ಲಿಂದ ಸುಮಾರು 70 ಕಿ.ಮೀ., ಆ ದೂರವನ್ನು ಅಲ್ಲಿಯವರೆಗೆ ಎಳೆದರೆ ನಿಮ್ಮ ಸಣ್ಣ ಮೊತ್ತವೆಲ್ಲ ಆ ಜನಸಾಗರದಲ್ಲಿ ಕರಗಿಹೋಗುತ್ತದೆ. ಬೆಂಗಳೂರಿಗೆ ಕಳಿಸುವ ಏರ್ಪಾಡಿದ್ದರೆ ಅದಕ್ಕೆ ಬೇರೆಯೇ ಜಾಹೀರಾತು ಮಾಡಿ.

ಲೆಕ್ಕ ಹೀಗೆ ಹಾಕಿ. ದಿನಕ್ಕೆ 200 ರೂಪಾಯಿಯಂತೆ 6 ದಿನ, 1,200. ಶೇ. 18 ಜಿ.ಎಸ್.ಟಿ. 216 ಸೇರಿ 1,416. (ನಿಮ್ಮ ಜಿ.ಎಸ್.ಟಿ. ನಂಬರನ್ನು ಜಾಹೀರಾತು ಖಾತೆಯಲ್ಲಿ ತುಂಬಿದರೆ ಇನ್‌ವಾಯ್ಸ್‌ನಲ್ಲಿ ಅದು ಬರುತ್ತದೆ.) 30 ಮೆಸೇಜು ಬಂದು 12 ಜನ ಕೊಂಡರು ಅನ್ನಿ, ಒಬ್ಬ ಗಿರಾಕಿಗೆ 118 ರೂಪಾಯಿ ಬಿತ್ತು. ಒಬ್ಬರ ಖರೀದಿಯಲ್ಲಿ ನಿಮಗೆ ಉಳಿಯುವುದು 70 ಆದರೆ ಮೊದಲ ಖರೀದಿಯಲ್ಲಿ ತಲೆಗೆ 48 ನಷ್ಟ. ಆ 12ರಲ್ಲಿ ಐದಾರು ಜನ ತಿಂಗಳ ಗಿರಾಕಿಗಳಾದರೆ ಮಾತ್ರ ಲಾಭ. ಹಾಗಾಗಿ ಜಾಹೀರಾತಿನಿಂದ ಬಂದವರನ್ನು ಅವತ್ತೇ ಬ್ರಾಡ್‌ಕಾಸ್ಟ್ ಪಟ್ಟಿಗೆ ಕೇಳಿ ಸೇರಿಸಿಕೊಳ್ಳಿ. ಆಟೋ ಮೈಕಿಗೂ ಇದೇ ಲೆಕ್ಕ ಹಾಕಿ ನೋಡಿ. ಅದಕ್ಕೆ ಗಲ್ಲಾದಲ್ಲಿ "ಎಲ್ಲಿ ಕೇಳಿ ಬಂದ್ರಿ?" ಅಂತ ಹೊಸಬರನ್ನೆಲ್ಲ ಕೇಳಿ ಗೀಟು ಹಾಕುವ ಒಂದು ಹಾಳೆ ಸಾಕು. ಕರಪತ್ರದ ಮೇಲೂ ವಾಟ್ಸಾಪ್ ಕ್ಯೂಆರ್ ಅಚ್ಚು ಹಾಕಿಸಿ, ಸ್ಕ್ಯಾನ್ ಮಾಡಿದಾಗ "ಕರಪತ್ರ ನೋಡಿದೆ" ಅನ್ನುವ ಸಾಲು ತಾನೇ ಬರುವಂತೆ ಲಿಂಕ್ ಮಾಡಿಸಿದರೆ ಯಾವ ಪ್ರಚಾರ ಯಾರನ್ನು ಕರೆತಂದಿತು ಅನ್ನುವುದು ಫೋನಿನಲ್ಲೇ ಸಿಗುತ್ತದೆ.

ಸಂಕ್ರಾಂತಿಯ ಎಳ್ಳುಬೆಲ್ಲ: ಒಂದು ಪೂರ್ತಿ ಯೋಜನೆ

ಕೊಬ್ಬರಿ ಅಂಗಡಿಗೆ ಇದಕ್ಕಿಂತ ಒಳ್ಳೆಯ ಅವಕಾಶವಿಲ್ಲ. ಡಿಸೆಂಬರ್ 20ರ ಹೊತ್ತಿಗೆ ಮಿಶ್ರಣ, ತೂಕ, ದರ ತೀರ್ಮಾನವಾಗಿರಲಿ. 1 ಕೆ.ಜಿ. ಚೀಲಕ್ಕೆ ಕೊಬ್ಬರಿ 250 ಗ್ರಾಂ, ಬೆಲ್ಲ 250, ಹುರಿಗಡಲೆ 200, ಕಡಲೆಕಾಯಿ ಬೀಜ 200, ಬಿಳಿ ಎಳ್ಳು 100 ಅಂತಿಟ್ಟುಕೊಂಡರೆ ಅದನ್ನೇ ಪೋಸ್ಟಿನಲ್ಲೂ ಬರೆಯಿರಿ. ಕೊಬ್ಬರಿ ಕಡಿಮೆ, ಹುರಿಗಡಲೆ ಹೆಚ್ಚು ಅನ್ನುವ ದೂರು ಹೀಗೆ ತಪ್ಪುತ್ತದೆ. ಬೆಲ್ಲದ ಚೂರು ಚೆನ್ನಾಗಿ ಒಣಗದೆ ಪ್ಯಾಕ್ ಆದರೆ ನೀರೊಡೆದು ಎಳ್ಳು ಅಂಟಿಕೊಳ್ಳುತ್ತದೆ, ಕೊಬ್ಬರಿಯೂ ಕೆಡುತ್ತದೆ. ಆನ್‌ಲೈನ್ ಆರ್ಡರಿಗೆ ಬೆಲ್ಲವನ್ನು ಬೇರೆ ಕವರಿನಲ್ಲಿ ಕಟ್ಟುವುದು ಕ್ಷೇಮ.

ಡಿಸೆಂಬರ್ 26ರಿಂದ ಜನವರಿ 2ರವರೆಗೆ ಹಳೆಯ ಗಿರಾಕಿಗಳಿಗೆ ಮಾತ್ರ ಬುಕಿಂಗ್. ಜನವರಿ 3ರಿಂದ 8ರವರೆಗೆ ಆರು ದಿನ ಜಾಹೀರಾತು. 9ಕ್ಕೆ ಹೊರ ಊರಿನ ಆರ್ಡರ್ ನಿಲ್ಲಿಸಿ, ನಿಲ್ಲಿಸಿದ್ದನ್ನು ಪೋಸ್ಟಿನಲ್ಲಿ ತಿಳಿಸಿ. ಪಾರ್ಸೆಲ್ ಹಬ್ಬ ಕಳೆದು ತಲುಪಿದರೆ ದುಡ್ಡು ವಾಪಸ್ ಕೊಟ್ಟರೂ ಬೇಸರ ಹೋಗದು. ದೊಡ್ಡ ಆರ್ಡರುಗಳಿಗೆ ಅಂಚೆ ಪಾರ್ಸೆಲ್ ಜೊತೆ ಕೆ.ಎಸ್.ಆರ್.ಟಿ.ಸಿ.ಯ "ನಮ್ಮ ಕಾರ್ಗೋ" ಪಾರ್ಸೆಲ್ ಸೇವೆಯ ದರವನ್ನೂ ವಿಚಾರಿಸಿ. 10ರಿಂದ 13ರವರೆಗೆ ಊರಿನವರಿಗೆ ಸ್ಟೇಟಸ್ ಸಾಕು, ಸಕ್ಕರೆ ಅಚ್ಚು, ಕಬ್ಬು ಎಷ್ಟು ಉಳಿದಿದೆ ಅನ್ನುವುದೂ ಅದರಲ್ಲಿ ಬರಲಿ. ಹಬ್ಬ ಮುಗಿದ ಮೇಲೆ ಕೊಂಡವರಿಗೆಲ್ಲ ಒಂದು ಪ್ರಶ್ನೆ ಕಳಿಸಿ, "ಎಳ್ಳುಬೆಲ್ಲ ಹೇಗಿತ್ತು?" ಅಂತ. ಬಂದ ಒಳ್ಳೆಯ ಮಾತನ್ನು ಅವರ ಒಪ್ಪಿಗೆ ಪಡೆದು ಮುಂದಿನ ವರ್ಷ ಬಳಸಿ. ಸಿದ್ಧಗಂಗೆ ಜಾತ್ರೆ, ಯುಗಾದಿ, ವರಮಹಾಲಕ್ಷ್ಮಿ, ಗೌರಿ ಗಣೇಶಕ್ಕೂ ಇದೇ ಚೌಕಟ್ಟು, ಪದಾರ್ಥ ಬೇರೆ ಅಷ್ಟೆ.

ಕಾನೂನು, ಮೋಸ

ನೀವೇ ಪ್ಯಾಕ್ ಮಾಡಿ ಮಾರುವ ಆಹಾರಕ್ಕೆ ಎಫ್.ಎಸ್.ಎಸ್.ಎ.ಐ.ನ (ಆಹಾರ ಸುರಕ್ಷತಾ ಪ್ರಾಧಿಕಾರದ) 14 ಅಂಕಿಯ ನಂಬರ್ ಪೊಟ್ಟಣದ ಮೇಲಿರಬೇಕು. ಜೊತೆಗೆ ನಿವ್ವಳ ತೂಕ, ಎಂ.ಆರ್.ಪಿ., ಪ್ಯಾಕ್ ಮಾಡಿದ ದಿನ, ದೂರಿಗೆ ನಂಬರ್ ಇರಬೇಕು. ರಾಗಿಯಿಂದ ಸಕ್ಕರೆ ಕಾಯಿಲೆ ಗುಣವಾಗುತ್ತದೆ ಅಂತ ಬರೆಯಬೇಡಿ, ಕಾಯಿಲೆ ವಾಸಿಮಾಡುತ್ತೇವೆ ಅನ್ನುವ ಇಂಥ ಜಾಹೀರಾತುಗಳನ್ನು ತಡೆಯಲು 1954ರ ಕಾಯ್ದೆಯೇ ಇದೆ. ಜಿ.ಎಸ್.ಟಿ. ಕಾಂಪೊಸಿಷನ್‌ನಲ್ಲಿರುವವರು (ಸಣ್ಣ ವ್ಯಾಪಾರಿಗಳ ಸರಳ ತೆರಿಗೆ ಪದ್ಧತಿ ಆರಿಸಿಕೊಂಡವರು) ಹೊರ ರಾಜ್ಯಕ್ಕೆ ಮಾಲು ಮಾರುವಂತಿಲ್ಲ. ಹಿಂದೂಪುರದಿಂದ ಆರ್ಡರ್ ಬಂದಾಗ ಇದು ನೆನಪಿರಲಿ, ಅದು ಎಷ್ಟೇ ಹತ್ತಿರವಿದ್ದರೂ ಆಂಧ್ರ.

ದುಡ್ಡು ಬಂದ ಸ್ಕ್ರೀನ್‌ಶಾಟ್ ನೋಡಿ ಮಾಲು ಕಳಿಸಬೇಡಿ, ಬ್ಯಾಂಕ್ ಖಾತೆಗೆ ಜಮಾ ಆದದ್ದು ನೋಡಿಯೇ ಕಳಿಸಿ. ದೊಡ್ಡ ಆರ್ಡರ್ ಕೊಟ್ಟು "ಮುಂಗಡ ಕಳಿಸ್ತೀವಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ" ಅನ್ನುವವರು ಕಳ್ಳರು. ದುಡ್ಡು ಪಡೆಯಲು ಯು.ಪಿ.ಐ. ಪಿನ್ ಬೇಕಿಲ್ಲ. ವಾಟ್ಸಾಪ್‌ಗೆ ಆರು ಅಂಕಿಯ ಎರಡು ಹಂತದ ಪಿನ್ ಹಾಕಿ. "ನಿಮ್ಮ ಪೇಜ್ ರದ್ದಾಗುತ್ತಿದೆ, ಈ ಲಿಂಕ್ ಒತ್ತಿ" ಅನ್ನುವ ಮೆಸೇಜನ್ನು ಮುಟ್ಟಬೇಡಿ. ದುಡ್ಡು ಹೋದದ್ದು ತಿಳಿದ ಕೂಡಲೇ, ಬೇರೆ ಯಾವ ಕೆಲಸಕ್ಕೂ ಮೊದಲು, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಆ ಹಣವನ್ನು ಮುಂದಿನ ಖಾತೆಗಳಿಗೆ ದಾಟದಂತೆ ತಡೆಯುವ ಸಾಧ್ಯತೆ ಹೆಚ್ಚು.